ಮಳೆಗಾಲದಲ್ಲಿ ಬಾಗಿಲು ಬಿಗಿಯುವುದೇಕೆ?

ಮಳೆ ಹಿಡಿದು ಹದಿನೈದು ದಿನವಾಗಿದೆ. ಬೇಸಿಗೆಯಲ್ಲಿ ಒಂದು ಬೆರಳಿನಿಂದ ತಳ್ಳಿದರೆ ಮುಚ್ಚಿಕೊಳ್ಳುತ್ತಿದ್ದ ಹಿತ್ತಲ ಬಾಗಿಲು ಈಗ ಭುಜ ಕೊಟ್ಟು ನೂಕಿದರೂ ಕೂರುವುದಿಲ್ಲ. ಚಿಲಕ ತನ್ನ ತೂತಿಗೆ ಸರಿಯಾಗಿ ಬೀಳುವುದಿಲ್ಲ. ಮನೆಯವರು ಬಡಗಿಯನ್ನು ಕರೆಸುತ್ತಾರೆ. ಆತ ಕದದ ಅಂಚಿಗೆ ನಾಲ್ಕು ಸಲ ಹತ್ತರಿ ಹೊಡೆದು ಹೋಗುತ್ತಾನೆ. ಬಾಗಿಲು ಸಲೀಸಾಗುತ್ತದೆ. ಮುಂದಿನ ಮಾರ್ಚ್‌ನಲ್ಲಿ ನೋಡಿದರೆ ಕದಕ್ಕೂ ಚೌಕಟ್ಟಿಗೂ ನಡುವೆ ಹಲ್ಲಿ ನುಸುಳುವಷ್ಟು ಸಂದು! ನಿಮ್ಮ ಮನೆಯಲ್ಲೋ, ನಿಮ್ಮ ಶಾಲೆಯ ಕೊಠಡಿಯಲ್ಲೋ ಇದು ಆಗಿಯೇ ಇರುತ್ತದೆ, ಅಲ್ಲವೆ?

ತಪ್ಪು ಯಾರದು? ಮರದ್ದೆ? ಬಡಗಿಯದೆ? ಇಬ್ಬರದೂ ಅಲ್ಲದಿರಬಹುದು. ಮರ ತನ್ನ ಸ್ವಭಾವದಂತೆ ನಡೆದುಕೊಂಡಿದೆ. ಆ ಸ್ವಭಾವ ತಿಳಿಯದೆ ನಾವು ಬಾಗಿಲು ಮಾಡಿಸಿದ್ದೇವೆ, ಬಣ್ಣ ಹಚ್ಚಿಸಿದ್ದೇವೆ. ಹೊಸ ಬಾಗಿಲು ಕೂರಿಸುವವರಿಗೂ ಹಳೆಯ ಬಾಗಿಲನ್ನು ಕೆರೆದು ಹೊಸದು ಮಾಡುವವರಿಗೂ ಬೇಕಾದ ವಿಜ್ಞಾನ ಹೆಚ್ಚೇನಿಲ್ಲ. ಹೈಸ್ಕೂಲಿನ ಭೌತವಿಜ್ಞಾನ, ರಸಾಯನವಿಜ್ಞಾನಗಳೇ ಸಾಕು. ಬನ್ನಿ, ನೋಡೋಣ.

ಕಡಿದ ಮೇಲೂ ನೀರಿನ ನಂಟು

ಗುದ್ದಲಿಯ ಕಾವು ಸಡಿಲವಾದರೆ ರೈತರು ಏನು ಮಾಡುತ್ತಾರೆ? ಗುದ್ದಲಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುತ್ತಾರೆ. ಬೆಳಿಗ್ಗೆ ಕಾವು ಬಿಗಿಯಾಗಿರುತ್ತದೆ. ಬೇಸಿಗೆಯಲ್ಲಿ ಎತ್ತಿನ ಗಾಡಿಯ ಮರದ ಚಕ್ರ ಕಬ್ಬಿಣದ ಪಟ್ಟಿಯೊಳಗೆ ಸಡಿಲಗೊಂಡಾಗಲೂ ಅದಕ್ಕೆ ನೀರು ಕುಡಿಸುತ್ತಿದ್ದರು. ಮರ ನೀರು ಹೀರಿ ಹಿಗ್ಗುತ್ತದೆ ಎಂಬುದು ನಮ್ಮ ಹಳ್ಳಿಗಳಿಗೆ ಹೊಸ ವಿಷಯವಲ್ಲ. ಬಾಗಿಲಿಗೆ ನೀರು ಹಾಕುವವರು ಯಾರೂ ಇಲ್ಲ. ಗಾಳಿಯಲ್ಲಿರುವ ನೀರಾವಿಯೇ ಅಷ್ಟು ಕೆಲಸ ಮಾಡಿಬಿಡುತ್ತದೆ.

ಮರದ ಕೋಶಭಿತ್ತಿಯ ಮುಖ್ಯ ವಸ್ತು ಸೆಲ್ಯುಲೋಸ್. ಇದು ಗ್ಲೂಕೋಸ್ ಘಟಕಗಳ ಉದ್ದನೆಯ ಸರಪಣಿ. ಈ ಸರಪಣಿಯುದ್ದಕ್ಕೂ ಹೈಡ್ರಾಕ್ಸಿಲ್ ಗುಂಪುಗಳಿವೆ. ನೀರಿನ ಅಣುಗಳು ಹೈಡ್ರೊಜನ್ ಬಂಧದ ಮೂಲಕ ಇವಕ್ಕೆ ಅಂಟಿಕೊಳ್ಳುತ್ತವೆ. ಅಣುಗಳು ಬಂದು ಸೇರಿದಂತೆ ಸೆಲ್ಯುಲೋಸ್ ಎಳೆಗಳು ಒಂದರಿಂದ ಒಂದು ದೂರ ಸರಿಯುತ್ತವೆ. ಮರ ಹಿಗ್ಗುತ್ತದೆ. ಗಾಳಿ ಒಣಗಿದಾಗ ಅಣುಗಳು ಹೊರಟುಹೋಗುತ್ತವೆ. ಮರ ಕುಗ್ಗುತ್ತದೆ.

ಹಸಿ ಮರದಲ್ಲಿ ನೀರು ಎರಡು ರೀತಿಯಲ್ಲಿರುತ್ತದೆ. ಕೋಶಗಳ ಟೊಳ್ಳಿನಲ್ಲಿ ತುಂಬಿರುವ ನೀರು ಒಂದು. ಕೋಶಭಿತ್ತಿಯಲ್ಲಿ ಅಂಟಿಕೊಂಡಿರುವ ನೀರು ಇನ್ನೊಂದು. ಮರ ಒಣಗುವಾಗ ಮೊದಲು ಟೊಳ್ಳಿನ ನೀರು ಹೋಗುತ್ತದೆ. ಆಗ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು ಶೇಕಡಾ 30ಕ್ಕೆ ಇಳಿದಾಗ ಟೊಳ್ಳು ಖಾಲಿ, ಭಿತ್ತಿ ಮಾತ್ರ ತುಂಬಿರುತ್ತದೆ. ಇದನ್ನು ತಂತು ಸಂತೃಪ್ತ ಬಿಂದು ಎನ್ನುತ್ತಾರೆ. ಇದರಿಂದ ಕೆಳಕ್ಕೆ ಇಳಿದಂತೆ ಭಿತ್ತಿಯ ನೀರು ಹೋಗುತ್ತ ಮರ ಕುಗ್ಗತೊಡಗುತ್ತದೆ.

ಎಲ್ಲಿಯವರೆಗೆ? ಸುತ್ತಲಿನ ಗಾಳಿಯೊಂದಿಗೆ ಹೊಂದಾಣಿಕೆಯಾಗುವವರೆಗೆ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಮರದ ತೇವಾಂಶ ಶೇ. 6ರಲ್ಲಿ ನಿಲ್ಲುತ್ತದೆ. ಆರ್ದ್ರತೆ ಶೇ. 50 ಆದರೆ ತೇವಾಂಶ ಸುಮಾರು 9, ಶೇ. 65 ಆದರೆ 12, ಶೇ. 80 ಆದರೆ 16, ಶೇ. 90 ಆದರೆ 20. ಇದಕ್ಕೆ ಸಮತೋಲ ತೇವಾಂಶ ಎಂದು ಹೆಸರು. ಹತ್ತು ವರ್ಷ ಒಣಗಿಸಿದ ಮರವಾದರೂ ಸರಿಯೆ, ನೂರು ವರ್ಷದ ಹಳೆಯ ಬಾಗಿಲಾದರೂ ಸರಿಯೆ, ಗಾಳಿಯ ಆರ್ದ್ರತೆ ಏರಿದಾಗ ನೀರು ಹೀರಿಯೇ ಹೀರುತ್ತದೆ.

ಉದ್ದಕ್ಕಲ್ಲ, ಅಗಲಕ್ಕೆ

ಹಿಗ್ಗುವಿಕೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಇರುವುದಿಲ್ಲ. ಪೊರಕೆ ಕಡ್ಡಿಗಳ ಒಂದು ಕಟ್ಟನ್ನು ನೆನೆಸಿಕೊಳ್ಳಿ. ಕಡ್ಡಿ ಕಡ್ಡಿಯ ನಡುವೆ ಏನನ್ನಾದರೂ ತೂರಿಸಿದರೆ ಕಟ್ಟು ದಪ್ಪವಾಗುತ್ತದೆ, ಉದ್ದವಾಗುವುದಿಲ್ಲ. ಮರದ ಸೆಲ್ಯುಲೋಸ್ ಎಳೆಗಳೂ ಬಹುಮಟ್ಟಿಗೆ ಕಾಂಡದ ಉದ್ದಕ್ಕೇ ಇರುತ್ತವೆ. ಆದ್ದರಿಂದ ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ.

ಅಡ್ಡಕ್ಕೆ ಹಿಗ್ಗುವುದರಲ್ಲೂ ಎರಡು ಬಗೆ. ಕೊಯ್ದ ದಿಮ್ಮಿಯ ತುದಿಯಲ್ಲಿ ವಾರ್ಷಿಕ ಉಂಗುರಗಳನ್ನು ನೋಡಿ. ನಡುವಿನಿಂದ ತೊಗಟೆಯ ಕಡೆಗೆ ಹೋಗುವುದು ತ್ರಿಜ್ಯದ ದಿಕ್ಕು. ಉಂಗುರದ ಜೊತೆಯಲ್ಲೇ ಸುತ್ತುವುದು ಸ್ಪರ್ಶಕದ ದಿಕ್ಕು. ತೇಗದ ಮರ ಹಸಿಯಿಂದ ಪೂರ್ತಿ ಒಣಗುವಾಗ ತ್ರಿಜ್ಯದ ದಿಕ್ಕಿನಲ್ಲಿ ಸುಮಾರು ಶೇ. 2.5ರಷ್ಟು ಕುಗ್ಗಿದರೆ ಸ್ಪರ್ಶಕದ ದಿಕ್ಕಿನಲ್ಲಿ ಸುಮಾರು ಶೇ. 5.8ರಷ್ಟು ಕುಗ್ಗುತ್ತದೆ. ಎರಡು ಪಟ್ಟಿಗೂ ಹೆಚ್ಚು! ಇಷ್ಟಾದರೂ ತೇಗ ಕಡಿಮೆ ಕುಗ್ಗುವ ಮರಗಳ ಸಾಲಿಗೇ ಸೇರಿದ್ದು. ತೇಗಕ್ಕೆ ಬೆಲೆ ಬಂದಿರುವುದು ಗೆದ್ದಲು ಹತ್ತದೆಂಬ ಕಾರಣಕ್ಕೆ ಮಾತ್ರವಲ್ಲ, ಕೊಟ್ಟ ಅಳತೆ ಕಾಯ್ದುಕೊಳ್ಳುತ್ತದೆಂಬ ಕಾರಣಕ್ಕೂ.

ಬೂವನಹಳ್ಳಿಯ ಒಂದು ಲೆಕ್ಕ

ವಿಮಾನ ನಿಲ್ದಾಣ ಯೋಜನೆಯಿಂದಾಗಿ ಹಾಸನದ ಬಳಿಯ ಬೂವನಹಳ್ಳಿಯ ಹೆಸರನ್ನು ನೀವು ಕೇಳಿರಬಹುದು. ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಸಕಲೇಶಪುರದ ಮಲೆನಾಡು, ಪೂರ್ವಕ್ಕೆ ಅರಸೀಕೆರೆಯ ಬಯಲುಸೀಮೆ. ಬೂವನಹಳ್ಳಿ ನಡುವಿನದು. ಬೇಸಿಗೆಯಲ್ಲಿ ಬಯಲಿನಂತೆ ಒಣಗಾಳಿ; ಜುಲೈನಲ್ಲಿ ದಿನಗಟ್ಟಲೆ ಮೋಡ, ಜಿನುಗು ಮಳೆ. ಬಾಗಿಲಿನ ಮಟ್ಟಿಗೆ ಇಂಥ ಊರೇ ಕಠಿಣ ಪರೀಕ್ಷೆ. ಸದಾ ಒದ್ದೆಯಿರುವ ಊರಿನಲ್ಲೋ ಸದಾ ಒಣಗಿರುವ ಊರಿನಲ್ಲೋ ಮರ ಒಂದು ಅಳತೆಗೆ ಹೊಂದಿಕೊಂಡು ಇದ್ದುಬಿಡುತ್ತದೆ. ಇಲ್ಲಿ ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗಬೇಕು.

ಬೂವನಹಳ್ಳಿಯಲ್ಲಿ ಮಾರ್ಚ್‌ನಲ್ಲಿ ಒಂದು ಮನೆಯ ಗೃಹಪ್ರವೇಶವಾಯಿತು ಎಂದುಕೊಳ್ಳೋಣ. ತೇಗದ ಬಾಗಿಲು. ಕದದ ಅಗಲ 900 ಮಿ.ಮೀ. ಆಗ ಮರದ ತೇವಾಂಶ ಶೇ. 10. ಜುಲೈ ಕೊನೆಗೆ ಅದು ಶೇ. 16ಕ್ಕೆ ಏರಿತು. ವ್ಯತ್ಯಾಸ 6. ಕದ ಎಷ್ಟು ಹಿಗ್ಗೀತು?

ಶೇ. 30ರಿಂದ ಸೊನ್ನೆಗೆ ಇಳಿದಾಗ ಸ್ಪರ್ಶಕದ ದಿಕ್ಕಿನಲ್ಲಿ ಶೇ. 5.8 ಕುಗ್ಗುತ್ತದೆ. ಹಾಗಾದರೆ 6ರ ವ್ಯತ್ಯಾಸಕ್ಕೆ 5.8 × 6 ÷ 30 = ಶೇ. 1.16. ಕದ ಪೂರ್ತಿ ಅಡ್ಡಡ್ಡ ಜೋಡಿಸಿ ಅಂಟಿಸಿದ ಹಲಗೆಗಳದ್ದಾದರೆ 900 ಮಿ.ಮೀ.ಗೆ ಸುಮಾರು 10 ಮಿ.ಮೀ. ಹಿಗ್ಗುತ್ತದೆ. ಒಂದು ಸೆಂಟಿಮೀಟರ್! ಹಲಗೆಗಳನ್ನು ತ್ರಿಜ್ಯದ ದಿಕ್ಕಿಗೆ ಕೊಯ್ದಿದ್ದರೆ 4.5 ಮಿ.ಮೀ. ಸುತ್ತ ಬಿಟ್ಟಿರುವ ಸಂದು ಎಡಕ್ಕೆ ಒಂದೂವರೆ, ಬಲಕ್ಕೆ ಒಂದೂವರೆ ಮಿ.ಮೀ. ಮಾತ್ರವಾದರೆ ಬಾಗಿಲು ಬಿಗಿಯದೆ ಇನ್ನೇನಾದೀತು?

ಎತ್ತರದ ಗತಿ ಏನು? ಎಳೆ ಎತ್ತರದ ದಿಕ್ಕಿಗೇ ಇರುವುದರಿಂದ ಅಲ್ಲಿ ಬದಲಾವಣೆ ಗಮನಕ್ಕೇ ಬರುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಪಕ್ಕದಲ್ಲಿ ಬಿಗಿಯುವುದನ್ನು ಪರೀಕ್ಷಿಸಿ ನೋಡಿ. ಮೇಲ್ಗಡೆ ಒಂದು ಮೂಲೆಯಲ್ಲಿ ಮಾತ್ರ ಉಜ್ಜುತ್ತಿದ್ದರೆ ಅದು ತೇವದ ತೊಂದರೆಯಲ್ಲ. ಕೀಲು ಸಡಿಲವಾಗಿ ಕದ ಜೋತುಬಿದ್ದಿದೆ ಎಂದು ತಿಳಿಯಬೇಕು.

ಚೌಕಟ್ಟಿನೊಳಗೆ ತೇಲುವ ಹಲಗೆ

ಈ ತೊಡಕಿಗೆ ಬಡಗಿಗಳು ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದಾರೆ. ಒಳ್ಳೆಯ ಬಾಗಿಲಿನ ಕದವನ್ನು ಗಮನಿಸಿ. ಎರಡು ಪಕ್ಕಗಳಲ್ಲಿ ಎರಡು ನಿಂತ ಪಟ್ಟಿಗಳು. ಅವುಗಳ ನಡುವೆ ಮೇಲೆ, ಕೆಳಗೆ, ಮಧ್ಯೆ ಅಡ್ಡಪಟ್ಟಿಗಳು. ಪಟ್ಟಿಗಳ ಒಳ ಅಂಚಿನಲ್ಲಿ ತೋಡು. ಆ ತೋಡಿನಲ್ಲಿ ಕೂತ ತೆಳ್ಳನೆಯ ಹಲಗೆಗಳು.

ಅಡ್ಡಪಟ್ಟಿಯ ಎಳೆ ಬಾಗಿಲಿನ ಅಗಲದ ದಿಕ್ಕಿಗಿರುತ್ತದೆ. ಆದ್ದರಿಂದ ಅದು ಅಗಲಕ್ಕೆ ಹಿಗ್ಗುವುದಿಲ್ಲ. ಅಗಲಕ್ಕೆ ಹಿಗ್ಗುವುದು ನಿಂತ ಪಟ್ಟಿಗಳು ಮಾತ್ರ. ಪ್ರತಿಯೊಂದೂ 100 ಮಿ.ಮೀ. ಅಗಲವಿದ್ದರೆ ಒಟ್ಟು 200 ಮಿ.ಮೀ.ಗೆ ಶೇ. 1.16ರಂತೆ 2.3 ಮಿ.ಮೀ. ಆಯಿತು. ಹತ್ತು ಮಿ.ಮೀ. ಎಲ್ಲಿ, 2.3 ಮಿ.ಮೀ. ಎಲ್ಲಿ! ಮರ ಅದೇ, ಮಳೆ ಅದೇ, ಜೋಡಣೆ ಮಾತ್ರ ಬೇರೆ.

ಒಳಗಿನ ಹಲಗೆ ಹಿಗ್ಗುವುದಿಲ್ಲವೆ? ಹಿಗ್ಗುತ್ತದೆ. 250 ಮಿ.ಮೀ. ಅಗಲದ ಹಲಗೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ. ಆದರೆ ತೋಡಿನ ಒಳಗೆ ಅದಕ್ಕೆ ಜಾಗ ಬಿಟ್ಟಿರುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಹಲಗೆ ಅಲುಗಾಡುತ್ತದೆಂದು ಅದಕ್ಕೆ ಅಂಟು ಹಾಕಿಸಬೇಡಿ, ಮೊಳೆ ಹೊಡೆಸಬೇಡಿ. ಎರಡೂ ಪಕ್ಕ ಹಿಡಿದಿಟ್ಟ ಹಲಗೆ ಬೇಸಿಗೆಯಲ್ಲಿ ಕುಗ್ಗಲಾರದೆ ನಡುವೆ ಸೀಳುತ್ತದೆ. ಹಲಗೆಗೆ ಬಣ್ಣ ಅಥವಾ ಪಾಲಿಶ್‌ನ ಮೊದಲ ಲೇಪವನ್ನು ಜೋಡಿಸುವ ಮುಂಚೆಯೇ ಹಚ್ಚಿಸಿ. ಇಲ್ಲದಿದ್ದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಬಿಳಿ ಗೆರೆ ಕಾಣಿಸಿಕೊಳ್ಳುತ್ತದೆ. ಹಳೆಯ ಬಾಗಿಲುಗಳಲ್ಲಿ ಈ ಗೆರೆಯನ್ನು ಹುಡುಕಿ ನೋಡಿ. ಮರ ಚಲಿಸುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಪ್ಲೈವುಡ್ಡಿನಲ್ಲೂ ಇದೇ ತತ್ವ. ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕೆ. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಬಿಡುವುದಿಲ್ಲ.

ಮರ ಕೊಳ್ಳುವಾಗ

ಮರದ ತೇವಾಂಶ ಊರಿನ ಹವೆಗೆ ತಕ್ಕಂತಿರಬೇಕು. ಇದಕ್ಕಾಗಿಯೇ ಭಾರತೀಯ ಮಾನಕ ಐ.ಎಸ್. 287 ನಮ್ಮ ದೇಶವನ್ನು ಆರ್ದ್ರತೆಗೆ ಅನುಗುಣವಾಗಿ ನಾಲ್ಕು ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಯಾವ ಕೆಲಸಕ್ಕೆ ಮರದ ತೇವಾಂಶ ಎಷ್ಟಿರಬಹುದೆಂದು ಹೇಳುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಇದು 1988ರಿಂದ ಈ ಹೆಸರಿನಲ್ಲಿದೆ. ಮರದ ಜಾತಿ ಗುರುತಿಸುವುದು, ಒಣಗಿಸುವುದು, ಕೆಡದಂತೆ ಕಾಪಾಡುವುದು ಇಲ್ಲಿನ ಸಂಶೋಧನೆಯ ವಿಷಯಗಳು. ಮರದ ಮಾದರಿಗಳ ದೊಡ್ಡ ಸಂಗ್ರಹವೂ ಇಲ್ಲಿದೆ.

ನಮ್ಮ ಊರುಗಳಲ್ಲಿ ಬಾಗಿಲಿಗೆ ತೇಗವಲ್ಲದೆ ಹಲಸು, ಹೊನ್ನೆ, ಮತ್ತಿ ಮುಂತಾದವನ್ನೂ ಬಳಸುತ್ತಾರೆ. ಹಿತ್ತಲಲ್ಲಿ ಕಡಿದ ಹಲಸಿನ ಮರವನ್ನು ಹಲಗೆ ಕೊಯ್ಸಿ ಎರಡೇ ತಿಂಗಳಿಗೆ ಬಾಗಿಲು ಮಾಡಿಸುವವರಿದ್ದಾರೆ. ಇದು ಆತುರ. ಹಲಗೆಗಳ ನಡುವೆ ತೆಳ್ಳನೆಯ ಪಟ್ಟಿಗಳನ್ನಿಟ್ಟು, ಗಾಳಿಯಾಡುವಂತೆ, ಬಿಸಿಲು ಮಳೆ ತಾಗದ ನೆರಳಿನಲ್ಲಿ ಪೇರಿಸಿಡಬೇಕು. ಒಂದಂಗುಲ ದಪ್ಪದ ಹಲಗೆಗೆ ಒಂದು ವರ್ಷ ಎಂಬುದು ಸ್ಥೂಲ ಲೆಕ್ಕ. ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿದರೆ ತುದಿ ಬೇಗ ಒಣಗಿ ಸೀಳುವುದು ತಪ್ಪುತ್ತದೆ. ಹಲಸಿನ ಚೇಗು ಕೊಯ್ದಾಗ ಹಳದಿಯಾಗಿರುತ್ತದೆ. ಮೋರಿನ್ ಎಂಬ ವರ್ಣದ್ರವ್ಯ ಇದಕ್ಕೆ ಕಾರಣ. ಬೆಳಕು ಬಿದ್ದಂತೆ ಅದು ಕಂದಾಗುತ್ತದೆ. ಆದ್ದರಿಂದ ಹೊಸ ಹಲಸಿನ ಬಾಗಿಲಿನ ಬಣ್ಣ ನೋಡಿ ಪಾಲಿಶ್‌ನ ಬಣ್ಣ ನಿರ್ಧರಿಸಬೇಡಿ.

ಮಾಡಿ ನೋಡಿ

ಬಡಗಿಯ ಬಳಿ ಬಿಸಾಡುವ ಮರದ ತುಂಡು ಕೇಳಿ ತನ್ನಿ. ಅದರಿಂದ 100 ಮಿ.ಮೀ. ಉದ್ದದ ಎರಡು ತೆಳ್ಳನೆಯ ಪಟ್ಟಿಗಳನ್ನು ಕೊಯ್ಸಿಕೊಳ್ಳಿ. ಒಂದರಲ್ಲಿ ಎಳೆ ಪಟ್ಟಿಯ ಉದ್ದಕ್ಕಿರಲಿ. ಇನ್ನೊಂದರಲ್ಲಿ ಅಡ್ಡಕ್ಕಿರಲಿ. ವರ್ನಿಯರ್ ಕ್ಯಾಲಿಪರ್‌ನಿಂದ ಉದ್ದವನ್ನೂ, ತಕ್ಕಡಿಯಲ್ಲಿ ತೂಕವನ್ನೂ ಗುರುತು ಮಾಡಿಕೊಳ್ಳಿ. ಎರಡು ದಿನ ನೀರಿನಲ್ಲಿ ನೆನೆಸಿ ಮತ್ತೆ ಅಳೆಯಿರಿ. ಎರಡೂ ಪಟ್ಟಿಗಳ ವ್ಯತ್ಯಾಸ ಹೋಲಿಸಿ.

ಕಾಲೇಜಿನ ಪ್ರಯೋಗಾಲಯದಲ್ಲಿ ಒಲೆಪೆಟ್ಟಿಗೆ ಇದ್ದರೆ ತೇವಾಂಶವನ್ನೂ ಕಂಡುಹಿಡಿಯಬಹುದು. ಬಾಗಿಲಿಗೆಂದು ತಂದ ಮರದ ನಡುವಿನಿಂದ ಒಂದು ತುಂಡು ತೆಗೆದು ತೂಗಿ. 103 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಿ. ಹೋದ ತೂಕವನ್ನು ಒಣಗಿದ ತೂಕದಿಂದ ಭಾಗಿಸಿ 100ರಿಂದ ಗುಣಿಸಿ. 230 ಗ್ರಾಂ ಇದ್ದದ್ದು 200 ಗ್ರಾಂ ಆಗಿದ್ದರೆ ತೇವಾಂಶ ಶೇ. 15. ಮನೆ ಕಟ್ಟುತ್ತಿರುವವರಿಗೆ ನಿಮ್ಮ ವಿದ್ಯಾರ್ಥಿಗಳು ಮಾಡಿಕೊಡಬಹುದಾದ ದೊಡ್ಡ ಉಪಕಾರ ಇದು.

ಚೌಕಟ್ಟು ನಿಲ್ಲಿಸುವುದು

ಕದ ಎಷ್ಟೇ ಚೆನ್ನಾಗಿದ್ದರೂ ಚೌಕಟ್ಟು ಸೊಟ್ಟಗಿದ್ದರೆ ಪ್ರಯೋಜನವಿಲ್ಲ. ಚೌಕಟ್ಟು ನೇರವಾಗಿ ನಿಂತಿದೆಯೇ ಎಂದು ತೂಗುಗುಂಡಿನಿಂದ ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿ. ಗೋಡೆಯ ಉದ್ದಕ್ಕೆ ಒಮ್ಮೆ, ಗೋಡೆಗೆ ಅಡ್ಡವಾಗಿ ಒಮ್ಮೆ. ಮೂಲೆಗಳು ಲಂಬಕೋನವಾಗಿವೆಯೇ? ಕರ್ಣಗಳನ್ನು ಅಳೆದು ನೋಡಿ. ಒಳ ಅಳತೆ 2100 × 900 ಮಿ.ಮೀ. ಆಗಿದ್ದರೆ ಪೈಥಾಗೊರಸ್ ಪ್ರಮೇಯದಂತೆ ಕರ್ಣ ಸುಮಾರು 2285 ಮಿ.ಮೀ. ಎರಡು ಕರ್ಣಗಳೂ ಸಮವಾಗಿರಬೇಕು.

ಕೆಲವು ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ ಅಥವಾ ಮುಚ್ಚಿಕೊಳ್ಳುತ್ತವೆ. ಗಾಳಿಯೂ ಅಲ್ಲ, ದೆವ್ವವೂ ಅಲ್ಲ! ಕೀಲುಗಳ ಅಕ್ಷ ಓರೆಯಾಗಿದ್ದರೆ ಕದ ತಿರುಗುವಾಗ ಅದರ ಗುರುತ್ವಕೇಂದ್ರ ಏರಿಳಿಯುತ್ತದೆ. ಅತಿ ತಗ್ಗಿನ ಸ್ಥಾನ ಎಲ್ಲಿದೆಯೋ ಕದ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಅಕ್ಷ ನೇರವಾಗಿದ್ದರೆ ಬಿಟ್ಟಲ್ಲಿ ನಿಲ್ಲುತ್ತದೆ.

ಚೌಕಟ್ಟಿನ ಕಾಲುಗಳ ಬಗ್ಗೆ ಒಂದು ಮಾತು. ನಮ್ಮಲ್ಲಿ ದಿನವೂ ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಇಡುವ ಪದ್ಧತಿ ಇದೆ. ಆ ನೀರು ಚೌಕಟ್ಟಿನ ಕಾಲಿನ ತುದಿಗೆ ಇಳಿಯುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಗಳು ಬೆಳೆಯಲು ಮರದ ತೇವಾಂಶ ಶೇ. 20ಕ್ಕಿಂತ ಹೆಚ್ಚಿರಬೇಕು. ಗೆದ್ದಲಿಗೂ ತೇವವೇ ಇಷ್ಟ. ಚೌಕಟ್ಟು ನಿಲ್ಲಿಸುವ ಮೊದಲೇ ಕಾಲಿನ ತುದಿಗೂ ಗೋಡೆಗೆ ತಾಗುವ ಮುಖಕ್ಕೂ ತೇವ ತಡೆಯುವ ಲೇಪ ಬಳಿಸಿ. ಹೊಸ್ತಿಲ ಬಳಿಯ ನೆಲ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ. ಪದ್ಧತಿಯೂ ಉಳಿಯುತ್ತದೆ, ಮರವೂ ಉಳಿಯುತ್ತದೆ.

ಕೀಲಿನ ಮೇಲೆ ಎಷ್ಟು ಎಳೆತ?

ಕದದ ತೂಕ 30 ಕಿ.ಗ್ರಾಂ. ಎಂದುಕೊಳ್ಳಿ. ಅದರ ಗುರುತ್ವಕೇಂದ್ರ ಕೀಲಿನಿಂದ 0.45 ಮೀ. ದೂರದಲ್ಲಿದೆ. ತೂಕದಿಂದಾಗುವ ಬಲಮಹತ್ವ 30 × 9.8 × 0.45, ಅಂದರೆ ಸುಮಾರು 132 ನ್ಯೂಟನ್ ಮೀಟರ್. ಇದನ್ನು ಎದುರಿಸುವುದು ಮೇಲಿನ ಮತ್ತು ಕೆಳಗಿನ ಕೀಲುಗಳ ಜೋಡಿ. ಅವುಗಳ ಅಂತರ 1.5 ಮೀ. ಇದ್ದರೆ ಮೇಲಿನ ಕೀಲಿನ ಮೇಲೆ ಅಡ್ಡ ಎಳೆತ 132 ÷ 1.5 = 88 ನ್ಯೂಟನ್. ಅಂತರ 0.9 ಮೀ. ಮಾತ್ರ ಇದ್ದರೆ 147 ನ್ಯೂಟನ್. ಕೀಲುಗಳು ದೂರವಿದ್ದಷ್ಟೂ ಎಳೆತ ಕಡಿಮೆ. ಮೇಲಿನ ಕೀಲಿನ ತಿರುಪು ಕಿತ್ತು ಬರುವುದೂ ಕೆಳಗಿನದು ಚೌಕಟ್ಟಿಗೆ ಒತ್ತಿಕೊಳ್ಳುವುದೂ ಏಕೆಂದು ಈಗ ಹೊಳೆಯಿತೆ? ನಡುವಿನ ಮೂರನೆಯ ಕೀಲು ಮುಖ್ಯವಾಗಿ ಕದದ ಆ ಅಂಚು ಬಾಗದಂತೆ ಹಿಡಿಯುತ್ತದೆ.

ತಿರುಪು ಹಾಕುವ ಮುಂಚೆ ಅದಕ್ಕಿಂತ ಸಣ್ಣ ತೂತು ಕೊರೆಯಿಸಿ. ಸುತ್ತಿಗೆಯಿಂದ ಹೊಡೆದು ಕೂರಿಸಿದ ತಿರುಪು ಎಳೆಗಳನ್ನು ಹರಿದುಹಾಕುತ್ತದೆ, ಹಿಡಿತವಿರುವುದಿಲ್ಲ. ಟ್ಯಾನಿನ್ ಇರುವ ಮರಗಳಲ್ಲಿ ಕಬ್ಬಿಣದ ತಿರುಪು ಒದ್ದೆಯಾದರೆ ಸುತ್ತ ಕಪ್ಪು ಕಲೆ ಬೀಳುತ್ತದೆ. ಹಿಂದೆ ಕಬ್ಬಿಣ ಮತ್ತು ಟ್ಯಾನಿನ್‌ನಿಂದ ಬರೆಯುವ ಶಾಯಿ ಮಾಡುತ್ತಿದ್ದ ರಸಾಯನ ಕ್ರಿಯೆಯೇ ಇದು. ಹಿತ್ತಾಳೆಯದು ಅಥವಾ ತುಕ್ಕು ಹಿಡಿಯದ ಉಕ್ಕಿನದು ಒಳ್ಳೆಯದು.

ಸಂದು ಎಷ್ಟು ಬಿಡಬೇಕು? ಅದು ನೀವು ಕೂರಿಸುವ ತಿಂಗಳಿನ ಮೇಲೆ ಹೋಗುತ್ತದೆ. ನಮ್ಮ 900 ಮಿ.ಮೀ. ಕದವನ್ನು ಮಾರ್ಚ್‌ನಲ್ಲಿ ಕೂರಿಸಿದರೆ ಎರಡೂ ಪಕ್ಕ ಸೇರಿ 5 ಮಿ.ಮೀ. ಇರಲಿ. ಆಗಸ್ಟ್‌ನಲ್ಲಿ ಕೂರಿಸಿದರೆ, ಆಗಲೇ ಹಿಗ್ಗಿರುವುದರಿಂದ, 3 ಮಿ.ಮೀ. ಸಾಕು.

ಆರು ಮುಖಗಳ ನಿಯಮ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಕದಕ್ಕೆ ಇರುವುದು ಎರಡು ಮುಖಗಳಲ್ಲ, ಆರು. ಹಿಂದೆ, ಮುಂದೆ, ಎರಡು ಪಕ್ಕ, ತಲೆ, ಅಡಿ.

ಮರದ ಕೋಶಗಳು ಕಾಂಡದುದ್ದಕ್ಕೆ ಹರಡಿದ ಸಣ್ಣ ನಳಿಕೆಗಳು. ಅವುಗಳ ಬಾಯಿ ತೆರೆದುಕೊಳ್ಳುವುದು ನಿಂತ ಪಟ್ಟಿಯ ತಲೆ ಮತ್ತು ಅಡಿಯಲ್ಲಿ. ನೀರು ಹಲಗೆಯ ಮೈಯಿಂದ ನುಗ್ಗುವುದಕ್ಕಿಂತ ಎಷ್ಟೋ ಪಟ್ಟು ಬೇಗ ಈ ತುದಿಗಳಿಂದ ನುಗ್ಗುತ್ತದೆ. ಆದರೆ ವಾಡಿಕೆ ಏನು? ಬಾಗಿಲು ನೇತುಹಾಕಿದ ಮೇಲೆ ಪೇಂಟರ್ ಬರುತ್ತಾನೆ. ಕಣ್ಣಿಗೆ ಕಾಣುವ ಕಡೆಗೆಲ್ಲ ಬಣ್ಣ ಹಚ್ಚುತ್ತಾನೆ. ಅಡಿಯಂಚಿಗೆ ಕುಂಚ ಹೋಗುವುದಿಲ್ಲ, ತಲೆಯಂಚು ಯಾರಿಗೂ ಕಾಣುವುದಿಲ್ಲ. ಹೀಗೆ, ಎಲ್ಲಿ ಅತಿ ಹೆಚ್ಚು ರಕ್ಷಣೆ ಬೇಕೋ ಅಲ್ಲೇ ಮರ ಬೆತ್ತಲೆ ಉಳಿಯುತ್ತದೆ. ನೆಲ ಒರೆಸುವ ನೀರು ದಿನವೂ ಅದಕ್ಕೆ ಸಿಗುತ್ತದೆ.

ಇನ್ನೊಂದು ತಪ್ಪು, ಹೊರಮುಖಕ್ಕೆ ಮೂರು ಲೇಪ, ಒಳಮುಖಕ್ಕೆ ಒಂದೇ ಲೇಪ ಹಚ್ಚುವುದು. ಒಂದು ಮುಖ ಬೇಗ ಹಿಗ್ಗುತ್ತದೆ, ಇನ್ನೊಂದು ನಿಧಾನವಾಗಿ. ಕದ ಬಿಲ್ಲಿನಂತೆ ಬಾಗುತ್ತದೆ. ಯಾವ ಬಣ್ಣವೂ ನೀರಾವಿಯನ್ನು ಪೂರ್ತಿ ತಡೆಯುವುದಿಲ್ಲ. ಆದರೆ ಹೀರುವ ವೇಗ ತಗ್ಗಿಸುತ್ತದೆ. ಆ ವೇಗ ಎಲ್ಲ ಕಡೆ ಸಮನಾಗಿರಬೇಕು.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ಮೊದಲು ಬಣ್ಣವಿಲ್ಲದ ಕದವನ್ನು ಚೌಕಟ್ಟಿಗೆ ಹೊಂದಿಸಿ, ಹತ್ತರಿ ಹೊಡೆದು, ಕೀಲು, ಚಿಲಕ, ಬೀಗದ ಜಾಗ ಕೊರೆದು ಪರೀಕ್ಷಿಸುವುದು. ಎರಡನೆಯದು, ಕದವನ್ನು ಮತ್ತೆ ಇಳಿಸುವುದು. ಮೂರನೆಯದು, ಎಳೆಯ ದಿಕ್ಕಿನಲ್ಲೇ ಉಪ್ಪುಕಾಗದದಿಂದ ಉಜ್ಜಿ, ದೂಳು ಒರೆಸಿ, ಆರೂ ಮುಖಗಳಿಗೆ ಸಮನಾಗಿ ಲೇಪ ಹಚ್ಚುವುದು. ತಲೆ ಮತ್ತು ಅಡಿಗೆ ಒಂದು ಲೇಪ ಹೆಚ್ಚು. ಕೀಲು ಕೂರುವ ಗುಳಿ, ಬೀಗದ ತೂತಿನ ಒಳಗೋಡೆಗೂ ಕುಂಚ ಆಡಿಸಿ. ಕೊನೆಗೆ, ಪೂರ್ತಿ ಒಣಗಿದ ಮೇಲೆ ನೇತುಹಾಕುವುದು. ಬಡಗಿಗೆ ಅರ್ಧ ದಿನದ ಕೂಲಿ ಹೆಚ್ಚಾಗಬಹುದು. ಪ್ರತಿ ಮಳೆಗಾಲದ ಕೂಲಿ ಉಳಿಯುತ್ತದೆ.

ಲೇಪ ಒಣಗುವುದೆಂದರೆ

ಅರಗು ಒಂದು ಕೀಟ ಸ್ರವಿಸುವ ರಾಳ. ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದೇ ಫ್ರೆಂಚ್ ಪಾಲಿಶ್. ಸ್ಪಿರಿಟ್ ಆರಿಹೋಗಿ ಅರಗಿನ ಪೊರೆ ಉಳಿಯುತ್ತದೆ. ಚೆನ್ನಾಗಿ ಹೊಳೆಯುತ್ತದೆ, ಆದರೆ ನೀರು ತಾಗಿದರೆ ಬೆಳ್ಳಗಾಗುತ್ತದೆ. ಮಳೆ ಎರಚಲು ಬೀಳುವ ಮುಂಬಾಗಿಲಿಗೆ ಇದು ಸಲ್ಲದು. ಅಲ್ಲಿಗೆ ಎನಾಮಲ್ ಬಣ್ಣವೋ ಹೊರಾಂಗಣಕ್ಕೆಂದೇ ತಯಾರಿಸಿದ ಪಾಲಿಯುರೆಥೇನ್ ವಾರ್ನಿಷ್ಷೋ ಸೂಕ್ತ. ಬಿಸಿಲಿನ ಅತಿನೇರಿಳೆ ಕಿರಣ ಮರದ ಲಿಗ್ನಿನ್ ಅನ್ನು ಒಡೆಯುತ್ತದೆ. ಬಣ್ಣವಿರುವ ಲೇಪ ಅದನ್ನು ತಡೆಯುತ್ತದೆ, ತಿಳಿ ವಾರ್ನಿಷ್ ಅಷ್ಟಾಗಿ ತಡೆಯದು. ತೇಗದಲ್ಲಿ ಎಣ್ಣೆಯಂಥ ಅಂಶವಿರುವುದರಿಂದ ಲೇಪ ಹಚ್ಚುವ ಮುನ್ನ ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಬೇಕು.

ಅಗಸೆ ಎಣ್ಣೆಯ ಕಥೆ ಬೇರೆ. ಅದು ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಕ್ಸಿಜನ್ ಜೊತೆ ಸೇರಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಈ ಕ್ರಿಯೆಯಲ್ಲಿ ಶಾಖ ಹೊರಬರುತ್ತದೆ. ಬಾಗಿಲಿನ ಮೇಲೆ ಅದು ಗಾಳಿಗೆ ಹೋಗಿಬಿಡುತ್ತದೆ. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತಬಹುದು! ಅಂಥ ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಹಳೆಯ ಬಾಗಿಲಿನ ಗುಪ್ತ ವಿಷ

ಹಳೆಯ ಮನೆಯ ಬಾಗಿಲನ್ನು ಕೆರೆದು ಹೊಸ ಮನೆಗೆ ಹಾಕುವುದು ಒಳ್ಳೆಯ ಕೆಲಸ. ಒಂದು ಮರ ಉಳಿಯುತ್ತದೆ. ಆದರೆ ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಹಳದಿ, ಕೆಂಪು, ಹಸಿರು ಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಬೇಗ ಒಣಗಲೆಂದೂ ಸೇರಿಸುತ್ತಿದ್ದರು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ. ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಸೀಸವಿದೆಯೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಚಕ್ಕೆ ಏಳದೆ ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣದಿಂದ ಅಪಾಯ ಕಡಿಮೆ. ಒಣಗಿದ ಬಾಗಿಲನ್ನು ಉಪ್ಪುಕಾಗದದಿಂದ ಉಜ್ಜಿದಾಗ ಏಳುವ ದೂಳೇ ದೊಡ್ಡ ಅಪಾಯ. ನೆಲದ ಮೇಲೆ ಅಂಬೆಗಾಲಿಡುವ ಮಗು ಆ ಕೈಯನ್ನೇ ಬಾಯಿಗಿಡುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಧಕ್ಕೆ ತರುತ್ತದೆ. ಇಷ್ಟಿದ್ದರೆ ಹಾನಿಯಿಲ್ಲ ಎನ್ನಬಹುದಾದ ಪ್ರಮಾಣ ಯಾವುದೂ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದ್ದರಿಂದ ಹಳೆಯ ಬಾಗಿಲನ್ನು ಮನೆಯೊಳಗೆ ಉಜ್ಜಬೇಡಿ. ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸುತ್ತ, ನೀರಿಗೆ ತಾಳುವ ಉಪ್ಪುಕಾಗದದಿಂದ ಉಜ್ಜಿ. ಯಂತ್ರದಿಂದ ಒಣ ಉಜ್ಜುವುದು ಬೇಡ. ಬೆಂಕಿ ಹಿಡಿದು ಬಣ್ಣ ಸುಡುವುದಂತೂ ಬೇಡವೇ ಬೇಡ. ಕೆಲಸ ಮಾಡುವವರಿಗೆ ಕರವಸ್ತ್ರ ಸಾಲದು, ಎನ್-95 ಮುಖಗವಸು ಬೇಕು. ಮಕ್ಕಳು, ಬಸುರಿಯರು ಹತ್ತಿರ ಸುಳಿಯದಿರಲಿ. ಕೊನೆಗೆ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಆ ಬಟ್ಟೆ, ಸ್ನಾನದ ನಂತರವೇ ಊಟ.

ಇನ್ನೊಂದು ವಿಷಯವನ್ನು ನಿಮ್ಮ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. ಹಳೆಯ ಬಾಗಿಲು ಕಿಟಕಿಗಳ ಮುರಿದ ತುಂಡುಗಳನ್ನು ನಾವು ಬಚ್ಚಲ ಹಂಡೆಯ ಒಲೆಗೆ ಹಾಕುತ್ತೇವೆ. ಬೂದಿಯನ್ನು ಪಾತ್ರೆ ತಿಕ್ಕಲು, ಸೊಪ್ಪಿನ ಮಡಿಗೆ ಹಾಕಲು ಬಳಸುತ್ತೇವೆ. ಬಣ್ಣ ಬಳಿದ ಮರ ಸುಟ್ಟರೆ ಮರ ಹೋಗುತ್ತದೆ, ಸೀಸ ಹೋಗುವುದಿಲ್ಲ. ಅದು ಹೊಗೆಯಲ್ಲಿ ಮತ್ತು ಬೂದಿಯಲ್ಲಿ ಉಳಿಯುತ್ತದೆ. ಅಲ್ಲಿಂದ ತಟ್ಟೆಗೆ ಎಷ್ಟು ದೂರ? ಬಣ್ಣ ಹಚ್ಚಿದ ಮರವನ್ನು ಒಲೆಗೆ ಹಾಕಲೇಬಾರದು.

ಈಗ ಬಿಗಿದಿರುವ ಬಾಗಿಲಿಗೆ ಏನು ಮಾಡುವುದು?

ಈ ಮಳೆಗಾಲದಲ್ಲಿ ನಿಮ್ಮ ಬಾಗಿಲು ಬಿಗಿದಿದ್ದರೆ ಹತ್ತರಿಗೆ ಅವಸರ ಮಾಡಬೇಡಿ. ಮೊದಲು ಕೀಲಿನ ತಿರುಪುಗಳನ್ನು ಬಿಗಿ ಮಾಡಿ. ಉಜ್ಜುವ ಜಾಗಕ್ಕೆ ಮೇಣದಬತ್ತಿ ಸವರಿ. ಬಲವಂತವಾಗಿ ಗುದ್ದಿ ಮುಚ್ಚಬೇಡಿ. ಹಿಗ್ಗಿದ ಮರವನ್ನು ಅದುಮಿದರೆ ಅದರ ಕೋಶಗಳು ಜಜ್ಜಿಹೋಗುತ್ತವೆ, ಒಣಗಿದಾಗ ಮೊದಲಿಗಿಂತಲೂ ಚಿಕ್ಕದಾಗುತ್ತದೆ. ನೀರಿನಲ್ಲಿ ನೆನೆಸಿ ಬಿಗಿ ಮಾಡಿದ ಗುದ್ದಲಿ ಕಾವು ಒಣಗಿದ ಮೇಲೆ ಇನ್ನೂ ಸಡಿಲವಾಗುವುದು ಇದೇ ಕಾರಣಕ್ಕೆ. ಮುಚ್ಚಲೇಬೇಕಾದ ಬಾಗಿಲಾದರೆ ಒಂದು ಮಿ.ಮೀ.ನಷ್ಟು ಮಾತ್ರ ಹತ್ತರಿ ಹೊಡೆಸಿ, ಬೆತ್ತಲಾದ ಅಂಚಿಗೆ ಆ ದಿನವೇ ಲೇಪ ಹಚ್ಚಿಸಿ.

ನಿಜವಾದ ಚಿಕಿತ್ಸೆಗೆ ಮಾರ್ಚ್ ಒಳ್ಳೆಯ ತಿಂಗಳು. ಮರ ಒಣಗಿ ಕುಗ್ಗಿರುವಾಗ ಕದವನ್ನು ಕೀಲಿನಿಂದ ಬಿಡಿಸಿ ಇಳಿಸಿ. ತಲೆಕೆಳಗೆ ನಿಲ್ಲಿಸಿ ಅಡಿಯಂಚನ್ನು ನೋಡಿ. ಬಣ್ಣ ಕಾಣದ, ಕೊಳೆ ಹಿಡಿದ, ಬಾಯ್ತೆರೆದ ಎಳೆಗಳು ಅಲ್ಲಿರುತ್ತವೆ. ನಿಮ್ಮ ಬಾಗಿಲು ಇಷ್ಟು ವರ್ಷ ನೀರು ಕುಡಿದದ್ದು ಆ ಬಾಯಿಂದಲೇ. ಅದನ್ನು ಮುಚ್ಚಿ, ಮತ್ತೆ ನೇತುಹಾಕಿ. ಮುಂದಿನ ಜುಲೈನಲ್ಲಿ ಬಾಗಿಲು ಎಷ್ಟು ಹಿಗ್ಗಿತೆಂದು ಅಳೆದು ಬರೆದಿಡಿ. ಶಾಲೆಯಲ್ಲಿ ಹತ್ತು ಬಾಗಿಲುಗಳಿದ್ದರೆ ಐದಕ್ಕೆ ಅಡಿಲೇಪ ಹಚ್ಚಿ, ಐದನ್ನು ಹಾಗೆಯೇ ಬಿಟ್ಟು ಹೋಲಿಸಬಹುದು. ಒಂದು ವರ್ಷದ ಪ್ರಯೋಗಕ್ಕೆ ಒಂದು ಡಬ್ಬ ಬಣ್ಣ ಮತ್ತು ಒಂದು ಅಳತೆಪಟ್ಟಿ ಸಾಕು.